ಏರ್‌ಬ್ಯಾಗ್ ಬಂತು, ಮಗುವಿನ ಸೀಟು ಎಲ್ಲಿ?

2024ರ ಸೆಪ್ಟೆಂಬರ್ ಕೊನೆಯಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಾರೊಂದು ಟ್ಯಾಂಕರ್ ಲಾರಿಗೆ ಡಿಕ್ಕಿ ಹೊಡೆಯಿತು. ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಮಗು, ಉಬ್ಬಿ ಬಂದ ಏರ್‌ಬ್ಯಾಗಿನ ಒತ್ತಡಕ್ಕೆ ಸಿಕ್ಕಿ ತೀರಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನವಿ ಮುಂಬೈನ ವಾಶಿಯಲ್ಲಿ, ಮುಂದಿನ ಸೀಟಿನಲ್ಲಿ ಕುಳಿತಿದ್ದ ಆರು ವರ್ಷದ ಬಾಲಕನೂ ಹೀಗೆಯೇ ಹೋದ. ಎರಡೂ ಕಡೆ ಜೊತೆಗಿದ್ದ ದೊಡ್ಡವರು ಉಳಿದರು. ದುರದೃಷ್ಟ ಎಂದು ಇವೆರಡನ್ನೂ ಬದಿಗಿಡುವುದು ಸುಲಭ. ಆದರೆ ನಮ್ಮ ರಸ್ತೆಗಳಲ್ಲಿ ಮುಂದೆ ಆಗಬಹುದಾದದ್ದರ ಮುನ್ಸೂಚನೆ ಇವು ಎಂದು ಓದುವುದೇ ಸರಿ.

ಇದಕ್ಕೆ ಕಾರಣವಿದೆ. ನಮ್ಮಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ಪಕ್ಕದ ಸೀಟಿನ ಏರ್‌ಬ್ಯಾಗ್ 2021ರ ಏಪ್ರಿಲ್‌ನಿಂದ ಹೊಸ ಮಾದರಿಗಳಿಗೆ ಕಡ್ಡಾಯವಾಗಿ, ಆ ವರ್ಷ ಮುಗಿಯುವುದರೊಳಗೆ ಹಳೆಯ ಮಾದರಿಗಳಿಗೂ ಬಂತು. ಅಂದಿನಿಂದ ಮಾರಾಟವಾದ ಅಗ್ಗದ ಕಾರಿನಲ್ಲೂ ಎಡಗಡೆಯ ಡ್ಯಾಶ್‌ಬೋರ್ಡಿನೊಳಗೆ ಒಂದು ಏರ್‌ಬ್ಯಾಗ್ ಕಾದು ಕೂತಿದೆ. ಅದರ ಎದುರಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವ ರೂಢಿ ಮಾತ್ರ ಬದಲಾಗಿಲ್ಲ. ಕಾಯಿದೆಯ ಬಲದಿಂದ ಏರ್‌ಬ್ಯಾಗ್ ಮನೆಮನೆಯ ಕಾರಿಗೆ ಬಂದಷ್ಟು ಬೇಗ ಮಗುವಿನ ಸೀಟು ಬರಲಿಲ್ಲ. ಅಪಾಯ ಇರುವುದು ಈ ಅಂತರದಲ್ಲಿ.

ಅಮೆರಿಕ ಈ ದಾರಿಯನ್ನು ಮೊದಲೇ ತುಳಿದಿದೆ. ಅಲ್ಲಿ 1990ರ ದಶಕದಲ್ಲಿ ಏರ್‌ಬ್ಯಾಗ್ ವ್ಯಾಪಕವಾದಂತೆ, ಬದುಕಿ ಉಳಿಯಬಹುದಾಗಿದ್ದ ಸಣ್ಣ ವೇಗದ ಅಪಘಾತಗಳಲ್ಲೂ ಮುಂದಿನ ಸೀಟಿನ ಮಕ್ಕಳು ಸಾಯತೊಡಗಿದರು. 1990ರಿಂದ 2008ರವರೆಗೆ ಇಂಥ ಅಪಘಾತಗಳಲ್ಲಿ ಏರ್‌ಬ್ಯಾಗಿನಿಂದಲೇ ಸತ್ತವರು 290ಕ್ಕೂ ಹೆಚ್ಚು. ಅವರಲ್ಲಿ ಬಹಳಷ್ಟು ಮಂದಿ ಬೆಲ್ಟನ್ನೇ ಹಾಕದವರು ಅಥವಾ ಸರಿಯಾಗಿ ಹಾಕದವರು, ಅವರಲ್ಲೂ ಮಕ್ಕಳೇ ಹೆಚ್ಚು. ಆಮೇಲೆ ಅಲ್ಲಿ ಏರ್‌ಬ್ಯಾಗಿನ ರಭಸ ತಗ್ಗಿಸಿದರು, ಸೀಟಿನಲ್ಲಿ ಕೂತವರ ತೂಕ ಅರಿಯುವ ಸಂವೇದಕಗಳನ್ನು ತಂದರು, ಮಕ್ಕಳನ್ನು ಹಿಂದಿನ ಸೀಟಿಗೆ ಕಳಿಸಿ ಎಂದು ಊರೂರಿಗೆ ಸಾರಿದರು. ಸಾವು ಇಳಿಯಿತು. ಆ ಪಾಠವನ್ನು ನಾವು ಮತ್ತೆ ಮಕ್ಕಳನ್ನು ಕಳೆದುಕೊಂಡೇ ಕಲಿಯಬೇಕಿಲ್ಲ.

ಮಡಿಲಿಗಿಂತ ಭದ್ರವಾದ ಜಾಗ ಯಾವುದಿದೆ ಎಂದು ಅಜ್ಜಿ ಕೇಳುತ್ತಾರೆ. ಮನೆಯಲ್ಲಿ ಆ ಮಾತು ನಿಜ, ಓಡುವ ಕಾರಿನಲ್ಲಿ ಅಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಗೋಡೆಗೆ ಬಡಿದು ನಿಂತಾಗ 10 ಕಿಲೋ ತೂಗುವ ಮಗುವನ್ನು ಹಿಡಿದಿಡಲು ಒಂದೂವರೆ ಕ್ವಿಂಟಲ್ ಎತ್ತುವಷ್ಟು ಬಲ ಬೇಕು. ಅಷ್ಟು ಬಲ ಯಾವ ತೋಳಿನಲ್ಲೂ ಇಲ್ಲ. ಮುಂದಿನ ಸೀಟಿನಲ್ಲಾದರೆ ಕೈತಪ್ಪಿದ ಮಗು, ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗದಲ್ಲಿ ಎದ್ದು ಬರುವ ಏರ್‌ಬ್ಯಾಗಿಗೂ ದೊಡ್ಡವರ ಎದೆಗೂ ನಡುವೆ ಸಿಕ್ಕಿಬೀಳುತ್ತದೆ. ತಾಯಿಯ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಕಟ್ಟಿಕೊಳ್ಳುವುದು ಇನ್ನೂ ಕೆಟ್ಟದ್ದು. ಆಗ ತಾಯಿಯ ಇಡೀ ಭಾರ ಮಗುವಿನ ಮೇಲೆ ಬೀಳುತ್ತದೆ.

ಹಾಗಾಗಿ ಮಗುವಿಗೆ ಬೇಕಾದದ್ದು ಅದರದೇ ಸೀಟು, ಎಳೆಯ ಮಗುವಾದರೆ ಕಾರಿನ ಹಿಂಬದಿಗೆ ಮುಖ ಮಾಡಿದ ಸೀಟು. ಮಗುವನ್ನು ಹೀಗೆ ಹಿಮ್ಮುಖವಾಗಿಯೇ ಏಕೆ ಕೂರಿಸಬೇಕು? ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂರಿಸಿದರೆ ಡಿಕ್ಕಿಯಾದಾಗ ಬೆಲ್ಟು ಎದೆಯನ್ನು ಹಿಡಿದು ನಿಲ್ಲಿಸುತ್ತದೆ, ತಲೆ ಮುಂದಕ್ಕೆ ಜಗ್ಗುತ್ತದೆ, ಆ ಜಗ್ಗಾಟವನ್ನೆಲ್ಲ ಕತ್ತು ತಾಳಬೇಕಾಗುತ್ತದೆ. ಕಾರಿನ ಹಿಂಬದಿಗೆ ಮುಖ ಮಾಡಿ ಕೂರಿಸಿದರೆ ತಲೆ, ಕತ್ತು, ಬೆನ್ನು ಒಟ್ಟಾಗಿ ಸೀಟಿನ ಬೆನ್ನಿಗೆ ಒರಗುತ್ತವೆ, ಪೆಟ್ಟು ಹಂಚಿಹೋಗುತ್ತದೆ. ರಾಕೆಟ್ ಮೇಲೇರುವಾಗ ಗಗನಯಾತ್ರಿಗಳು ಬೆನ್ನಿಗೆ ಒರಗಿ ಮಲಗುವುದನ್ನು ಗಮನಿಸಿದ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲೇ ಈ ಬಗೆಯ ಸೀಟು ರೂಪಿಸಿದರು. ಆ ದೇಶದಲ್ಲಿ ನಾಲ್ಕು ವರ್ಷದವರೆಗೂ ಮಕ್ಕಳನ್ನು ಹಿಮ್ಮುಖವಾಗಿಯೇ ಕೂರಿಸುತ್ತಾರೆ. ಯುರೋಪಿನಲ್ಲಿ ಬಳಕೆಯಲ್ಲಿರುವ ಆರ್129 ನಿಯಮ ಕನಿಷ್ಠ 15 ತಿಂಗಳು ಎನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವು ಸೀಟಿನ ತೂಕ, ಎತ್ತರದ ಮಿತಿ ಮುಟ್ಟುವವರೆಗೂ ತಿರುಗಿಸಬೇಡಿ ಎನ್ನುತ್ತದೆ. ಕಾಲು ಮಡಚಿಕೊಂಡು ಕೂರಬೇಕಲ್ಲ ಎಂದು ಹೆತ್ತವರು ಬೇಗ ತಿರುಗಿಸುತ್ತಾರೆ. ಮಕ್ಕಳಿಗೆ ಚಕ್ಕಳಮಕ್ಕಳ ಕೂರುವುದು ಕಷ್ಟವಲ್ಲ, ಅವಸರ ಬೇಡ.

ಸೀಟು ಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತಪ್ಪಾಗುವುದು ಹೆಚ್ಚಾಗಿ ಕೂರಿಸುವಾಗ. ಮೊದಲನೆಯದು ಜಾಗ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟು ಇಡಲೇಬಾರದು. ಅದರ ಬೆನ್ನು ಡ್ಯಾಶ್‌ಬೋರ್ಡಿಗೆ ತಾಗುವಷ್ಟು ಹತ್ತಿರವಿರುತ್ತದೆ, ಏರ್‌ಬ್ಯಾಗ್ ನೇರವಾಗಿ ಮಗುವಿನ ತಲೆಯ ಹಿಂದೆ ಬಡಿಯುತ್ತದೆ. ಸನ್‌ವೈಸರ್ ಮೇಲೆ ಕೆಂಪು ಗೀಟು ಎಳೆದ ಮಗುವಿನ ಸೀಟಿನ ಚಿತ್ರ ಇರುವುದು ಇದನ್ನು ಹೇಳಲೆಂದೇ. ಹಿಂದಿನ ಸೀಟಿನಲ್ಲಿ ಎಡಬದಿ ನಮಗೆ ಅನುಕೂಲ. ವಾಹನಗಳ ಕಡೆಗಲ್ಲದೆ ರಸ್ತೆಯಂಚಿನ ಕಡೆಯಿಂದ ಮಗುವನ್ನು ಹತ್ತಿಸಿ ಇಳಿಸಬಹುದು. ತಾಯಿ ಪಕ್ಕದಲ್ಲಿ ಕೂರಲಿ, ಚಾಲಕನ ಪಕ್ಕದ ಸೀಟು ಖಾಲಿ ಹೋದರೂ ನಷ್ಟವಿಲ್ಲ.

ಎರಡನೆಯದು ಕಾರಿಗೆ ಬಿಗಿಯುವ ಬಗೆ. ಈಚಿನ ಬಹಳಷ್ಟು ಕಾರುಗಳಲ್ಲಿ ಹಿಂದಿನ ಸೀಟಿನ ದಿಂಬೂ ಬೆನ್ನೂ ಸೇರುವ ಸಂದಿಯಲ್ಲಿ ಐಸೋಫಿಕ್ಸ್ ಎಂಬ ಎರಡು ಕಬ್ಬಿಣದ ಕೊಂಡಿಗಳಿರುತ್ತವೆ. ಕಾರು ಕೊಂಡ ವಾರದಲ್ಲೇ ಹಾಕಿಸುವ ಸೀಟ್ ಕವರ್ ಎಷ್ಟೋ ಸಲ ಇವನ್ನು ಮುಚ್ಚಿಬಿಡುತ್ತದೆ, ತಮ್ಮ ಕಾರಿನಲ್ಲಿ ಇವು ಇರುವುದೇ ಮನೆಯವರಿಗೆ ಗೊತ್ತಿರುವುದಿಲ್ಲ. ಸಂದಿಯಲ್ಲಿ ಕೈ ಹಾಕಿ ನೋಡಿ. ಸೀಟಿನ ತೋಳುಗಳನ್ನು ಕೊಂಡಿಗೆ ಒತ್ತಿದಾಗ ಎರಡೂ ಕಡೆ ಟಕ್ ಎನ್ನಬೇಕು, ಗುರುತು ಹಸಿರಿಗೆ ತಿರುಗಬೇಕು. ಸೀಟಿಗೆ ಆಸರೆ ಕಾಲು ಇದ್ದರೆ ಅದು ಗಟ್ಟಿ ನೆಲದ ಮೇಲೆ ಊರಿರಬೇಕು.

ಐಸೋಫಿಕ್ಸ್ ಇಲ್ಲದಿದ್ದರೆ ಕಾರಿನ ಮೂರು ಬಿಂದುವಿನ ಬೆಲ್ಟೇ ಸಾಕು. ಹಿಮ್ಮುಖ ಬಳಕೆಗೆ ಬೆಲ್ಟು ಹಾಯಬೇಕಾದ ದಾರಿಯನ್ನು ಸೀಟಿನ ಮೇಲೆ ನೀಲಿ ಬಣ್ಣದಲ್ಲಿ ಗುರುತಿಸಿರುತ್ತಾರೆ, ಕೆಂಪು ಮುಮ್ಮುಖಕ್ಕೆ. ಬೆಲ್ಟು ತಿರುಚಿಕೊಂಡಿರಬಾರದು. ಸೀಟನ್ನು ಒಂದು ಕೈಯಿಂದ ಅದುಮಿ ಹಿಡಿದು ಇನ್ನೊಂದರಿಂದ ಬೆಲ್ಟನ್ನು ಎಳೆದು ಬಿಗಿಯಿರಿ. ಆಮೇಲೆ ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು.

ಮೂರನೆಯದು ಓರೆ. ಎಳೆಗೂಸಿನ ಕತ್ತು ನಿಲ್ಲುವುದಿಲ್ಲ. ಸೀಟು ತೀರ ನೆಟ್ಟಗಿದ್ದರೆ ಗದ್ದ ಎದೆಗೆ ಬಿದ್ದು ಉಸಿರಿಗೆ ಅಡ್ಡಿಯಾಗುತ್ತದೆ. ಸೀಟಿನ ಪಕ್ಕದಲ್ಲಿ ಓರೆಯ ಗುರುತಿದ್ದರೆ ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಅದಕ್ಕೆ ಹೊಂದಿಸಿ. ನವಜಾತ ಶಿಶುವಿಗೆ ಸಾಮಾನ್ಯವಾಗಿ 45 ಡಿಗ್ರಿ ಆಸುಪಾಸು.

ನಾಲ್ಕನೆಯದು ಮಗುವನ್ನು ಕಟ್ಟುವ ಪಟ್ಟಿ. ಹಿಮ್ಮುಖ ಸೀಟಿನಲ್ಲಿ ಪಟ್ಟಿಗಳು ಮಗುವಿನ ಭುಜದ ಮಟ್ಟದಿಂದ, ಇಲ್ಲವೇ ತುಸು ಕೆಳಗಿನಿಂದ ಹೊರಡಬೇಕು. ಬಿಗಿದ ಮೇಲೆ ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ನೋಡಿ. ಮಡಿಕೆ ಸಿಕ್ಕರೆ ಸಡಿಲವಾಗಿದೆ ಎಂದರ್ಥ. ಬಾಣಂತಿ ಮನೆಯ ರೂಢಿಯಂತೆ ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ದಪ್ಪ ಸ್ವೆಟರ್ ಹಾಕಿ ಕೂರಿಸಿದರೆ ಡಿಕ್ಕಿಯಲ್ಲಿ ಬಟ್ಟೆ ಅಮುಕಿ ಪಟ್ಟಿ ಸಡಿಲವಾಗುತ್ತದೆ. ಮೊದಲು ಪಟ್ಟಿ ಬಿಗಿಯಿರಿ, ಹೊದಿಕೆಯನ್ನು ಅದರ ಮೇಲೆ ಹೊದಿಸಿ. ಊರು ಮುಟ್ಟಿದ ಮೇಲೆ ಮಗುವನ್ನು ಎತ್ತಿ ಸಮತಟ್ಟಾದ ಹಾಸಿಗೆಯಲ್ಲಿ ಮಲಗಿಸಿ. ಕಾರಿನ ಸೀಟು ತೊಟ್ಟಿಲಲ್ಲ.

ಕೊಳ್ಳುವಾಗ ಭಾರತದ ಎಐಎಸ್-072 ಅಥವಾ ಯುರೋಪಿನ ಆರ್44, ಆರ್129 ಗುರುತು ನೋಡಿ. ಅಕ್ಕನ ಮಗುವಿಗೆ ತಂದ ಸೀಟು ಬಳಸಬಹುದು, ಆದರೆ ಅದು ಅಪಘಾತ ಕಂಡಿರಬಾರದು, ಅದರ ಅವಧಿ ಮುಗಿದಿರಬಾರದು.

ಕಾಯಿದೆಯೇನೂ ಸುಮ್ಮನಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿಯಲ್ಲಿ ಬಂದ 194ಬಿ ಕಲಂ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದೆ ಒಯ್ದರೆ 1,000 ರೂಪಾಯಿ ದಂಡ. ಜಾರಿ ಮಾತ್ರ ಕಾಣುವುದಿಲ್ಲ. ಮಲಪ್ಪುರಂನ ಸಾವಿನ ಬೆನ್ನಿಗೇ, 2024ರ ಅಕ್ಟೋಬರ್‌ನಲ್ಲಿ, ಕೇರಳದ ಸಾರಿಗೆ ಆಯುಕ್ತರು ಡಿಸೆಂಬರ್‌ನಿಂದ ದಂಡ ಎಂದು ಪ್ರಕಟಿಸಿದರು. ಸಾರಿಗೆ ಸಚಿವರು ಕೂಡಲೇ ಅದನ್ನು ತಡೆದರು. ಸೀಟಿನ ಬೆಲೆ ಎಲ್ಲರಿಗೂ ಎಟುಕುವುದಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ದಂಡದಿಂದ ಶುರು ಮಾಡಿದರೆ ಜನ ತಿರುಗಿಬೀಳುವುದೂ ಸಹಜ.

ಆದ್ದರಿಂದ ಕರ್ನಾಟಕ ಖರ್ಚಿಲ್ಲದ ನಿಯಮದಿಂದ ಶುರು ಮಾಡಲಿ: ಮುಂದಿನ ಸೀಟಿನಲ್ಲಿ ಮಗು ಬೇಡ. ಇದಕ್ಕೆ ಯಾರೂ ಏನೂ ಕೊಳ್ಳಬೇಕಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬೆಲ್ಟು ಹಾಕದವರನ್ನು ಹಿಡಿಯುವ ಕ್ಯಾಮೆರಾಗಳಿಗೆ ಗಾಜಿನ ಹಿಂದೆ ಮಡಿಲಲ್ಲಿ ಕೂತ ಮಗು ಕಾಣದೇ ಇರದು. ಮೊದಲ ಆರು ತಿಂಗಳು ದಂಡದ ಬದಲು ಎಚ್ಚರಿಕೆಯ ಸಂದೇಶ ಹೋಗಲಿ. ಹೆರಿಗೆ ಆಸ್ಪತ್ರೆಗಳು ಲಸಿಕೆಯ ಕಾರ್ಡಿನ ಜೊತೆಗೇ ಮಗುವನ್ನು ಮನೆಗೆ ಒಯ್ಯುವ ಬಗೆಯನ್ನೂ ಹೇಳಿಕೊಡಲಿ. ಶೋರೂಮುಗಳು ಕಾರಿಗೆ ಹಾರ ಹಾಕಿ ಕೀಲಿ ಕೊಡುವಾಗ ಐಸೋಫಿಕ್ಸ್ ಕೊಂಡಿ ಎಲ್ಲಿದೆ ಎಂದು ತೋರಿಸಲಿ. 2023ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯ ಸ್ಟಾರುಗಳನ್ನು ಅವರು ಹೆಮ್ಮೆಯಿಂದ ತೋರಿಸುತ್ತಾರೆ. ಮಕ್ಕಳ ಸುರಕ್ಷತೆಯ ಸ್ಟಾರು ಬಂದದ್ದು ಗೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಬಿಗಿದು ಪರೀಕ್ಷಿಸಿದ್ದರಿಂದ. ಸೀಟಿಲ್ಲದ ಮಗುವಿಗೆ ಆ ಸ್ಟಾರು ಅನ್ವಯಿಸುವುದಿಲ್ಲ ಎಂಬುದನ್ನೂ ಅವರೇ ಹೇಳಬೇಕು.

ಸರ್ಕಾರ ಹೆಜ್ಜೆಯಿಡುವವರೆಗೆ ಮನೆಯವರು ಕಾಯಬೇಕಿಲ್ಲ. ಮಗುವನ್ನು ಹಿಂದಿನ ಸೀಟಿಗೆ ಕಳಿಸುವ ಕೆಲಸ ಇಂದೇ ಆಗಲಿ. ಮನೆಯಲ್ಲಿ ಕಾರಿದ್ದು, ಸೊಸೆಯೋ ಮಗಳೋ ಬಸುರಿಯಾಗಿದ್ದರೆ ಎಂಟನೇ ತಿಂಗಳಲ್ಲಿ ಸೀಟು ತಂದು, ಕೂರಿಸಿ, ಅಲುಗಿಸಿ ನೋಡಿ. ಆಸ್ಪತ್ರೆಯಿಂದ ಮನೆಗೆ ಬರುವ ಮೊದಲ ಪ್ರಯಾಣಕ್ಕೇ ಅದು ಬೇಕಾಗುತ್ತದೆ.