ಏಣಿಗೆ ಕೋಟಿ ಕೊಟ್ಟಾಯಿತು, ಕೋಟಿಗೆ ಸೋಪು ಕೊಡಿ

2022ರಲ್ಲಿ ಬೆಂಗಳೂರಿನ ಅಗ್ನಿಶಾಮಕ ದಳಕ್ಕೆ ಫಿನ್ಲೆಂಡ್‌ನಿಂದ 90 ಮೀಟರ್ ಏಣಿಯ ವಾಹನ ಬಂತು. ಬೆಲೆ 30 ಕೋಟಿ ರೂಪಾಯಿಗೂ ಮೇಲೆ. ಅದು ಸುದ್ದಿಯಾಯಿತು, ಆಗಬೇಕಾದದ್ದೇ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಹೇಳಿದ ಮಾತು ಮಾತ್ರ ಇಲ್ಲಿ ಯಾರ ಕಿವಿಗೂ ಬಿದ್ದಂತಿಲ್ಲ. ಬೆಂಕಿ ನಂದಿಸುವ ಉದ್ಯೋಗವನ್ನೇ ಅದು ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿಗೆ, ಅಂದರೆ ತಂಬಾಕು ಮತ್ತು ಆಸ್ಬೆಸ್ಟಾಸ್‌ನ ಸಾಲಿಗೆ ಸೇರಿಸಿತು. ಮೂತ್ರಕೋಶದ ಕ್ಯಾನ್ಸರ್‌ಗೂ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರಾದ ಮೀಸೋಥೆಲಿಯೋಮಾಕ್ಕೂ ಸಾಕಷ್ಟು ಪುರಾವೆ ಸಿಕ್ಕಿದೆ ಎಂದಿತು.

ಕ್ಯಾನ್ಸರ್ ನಿಧಾನವಾಗಿ ಬರುವ ಕಾಯಿಲೆ. ಹೃದಯ ಅಷ್ಟು ಕಾಯುವುದಿಲ್ಲ.

ಹಾರ್ವರ್ಡ್‌ನ ಸ್ಟೆಫಾನೊಸ್ ಕೇಲ್ಸ್ ಮತ್ತು ಸಂಗಡಿಗರು 1994ರಿಂದ 2004ರವರೆಗೆ ಅಮೆರಿಕದಲ್ಲಿ ಕರ್ತವ್ಯದ ಮೇಲಿದ್ದಾಗ ಸತ್ತ ಅಗ್ನಿಶಾಮಕ ಸಿಬ್ಬಂದಿಯ ದಾಖಲೆಗಳನ್ನು ತೆಗೆದು ನೋಡಿದರು. ಅವಳಿ ಗೋಪುರದ ದುರಂತವನ್ನು ಲೆಕ್ಕದಿಂದ ಹೊರಗಿಟ್ಟಿದ್ದರು. ನೂರಕ್ಕೆ 39 ಸಾವುಗಳಿಗೆ ಕಾರಣ ಹೃದಯದ ರಕ್ತನಾಳಗಳ ಕಾಯಿಲೆ. ಅಂಥ ಸಾವುಗಳಲ್ಲಿ ಶೇ 32ರಷ್ಟು ನಡೆದದ್ದು ಬೆಂಕಿ ನಂದಿಸುವಾಗ. ವರ್ಷದ ಡ್ಯೂಟಿಯಲ್ಲಿ ಆ ಕೆಲಸಕ್ಕೆ ಹೋಗುವ ಸಮಯವಾದರೋ ನೂರಕ್ಕೆ ಒಂದರಿಂದ ಐದು ಪಾಲು ಅಷ್ಟೇ. ಗಂಟೆ ಬಾರಿಸಿದೊಡನೆ ಓಡುವಾಗ, ಕೆಲಸ ಮುಗಿಸಿ ವಾಪಸಾಗುವಾಗ ಸತ್ತವರೂ ಇದ್ದರು.

ಆ ಹೊತ್ತಿನಲ್ಲಿ ದೇಹದೊಳಗೆ ಏನಾಗುತ್ತದೆ? 2017ರಲ್ಲಿ ಎಡಿನ್‌ಬರೊದ ವೈದ್ಯರು ಆರೋಗ್ಯವಾಗಿದ್ದ, ಸಿಗರೇಟು ಮುಟ್ಟದ 19 ಅಗ್ನಿಶಾಮಕ ಸಿಬ್ಬಂದಿಯನ್ನು ತರಬೇತಿಗೆಂದು ಹೊತ್ತಿಸಿದ ಕಟ್ಟಡದೊಳಗೆ ಕಳಿಸಿದರು. ಆಳಿನ ತೂಕದ ಗೊಂಬೆಯೊಂದನ್ನು ಹೊರಗೆ ಎಳೆದು ತರುವುದು ಕೆಲಸ. ಹೊರಗೆ ಬಂದಾಗ ಮೈಯೊಳಗಿನ ಬಿಸಿ ಸುಮಾರು ಒಂದು ಡಿಗ್ರಿ ಏರಿತ್ತು, ಮೂರು-ನಾಲ್ಕು ಗಂಟೆ ಇಳಿಯಲಿಲ್ಲ. ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಾಗಿತ್ತು. ಗಟ್ಟಿಮುಟ್ಟಾದವರ ಪಾಡೇ ಹೀಗೆ. ಬಿಪಿ, ಸಕ್ಕರೆ ಎರಡೂ ಇದ್ದು ಎರಡನ್ನೂ ಪರೀಕ್ಷಿಸಿಕೊಳ್ಳದ ಐವತ್ತರ ಡ್ರೈವರ್ ಕತೆಯೇನು?

ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಆಗುತ್ತದೆ. 2025ರ ಬೇಸಿಗೆ ಕಳೆಯುತ್ತಿದ್ದಂತೆ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತ ಜನರಿಗೆ ಈ ಮಾತು ಹೊಸದಲ್ಲ. ಆದರೂ ಸಮವಸ್ತ್ರ ತೊಟ್ಟವನ ಎದೆ ಗಟ್ಟಿ ಎಂಬ ನಂಬಿಕೆ ಹೋಗಿಲ್ಲ. ನೇಮಕಾತಿ ದಿನ ಓಟ ಗೆದ್ದವನ ಹೃದಯವನ್ನು ಇಪ್ಪತ್ತು ವರ್ಷ ಬಿಟ್ಟು ನೋಡಿದರೆ ಪ್ರಯೋಜನವಿಲ್ಲ. ವರ್ಷಕ್ಕೊಮ್ಮೆ ಇಸಿಜಿ, ಕೊಬ್ಬಿನ ಪರೀಕ್ಷೆ, ನಲವತ್ತು ದಾಟಿದವರಿಗೆ ಟ್ರೆಡ್‌ಮಿಲ್ ಪರೀಕ್ಷೆ ಕಡ್ಡಾಯವಾಗಲಿ. ಪ್ರತಿ ಏಪ್ರಿಲ್ 14ರಿಂದ ನಡೆಯುವ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ಸಾರ್ವಜನಿಕರಿಗೆ ಕರಪತ್ರ ಹಂಚುತ್ತಾರಲ್ಲ, ಅದರ ಜತೆಗೇ ಈ ಪರೀಕ್ಷೆಗಳನ್ನೂ ಮುಗಿಸಬಹುದು. ವ್ಯಾಯಾಮದ ಮಾತೂ ಬರಬೇಕು. ಇಂಡಿಯಾನಾದ 1,104 ಅಗ್ನಿಶಾಮಕರನ್ನು ಹತ್ತು ವರ್ಷ ಗಮನಿಸಿದ ಅಧ್ಯಯನದಲ್ಲಿ, ನಲವತ್ತಕ್ಕಿಂತ ಹೆಚ್ಚು ಪುಷ್‌ಅಪ್ ಹೊಡೆಯಬಲ್ಲವರಿಗೆ ಹತ್ತನ್ನೂ ಮುಟ್ಟಿಸಲಾಗದವರಿಗಿಂತ ಹೃದ್ರೋಗ ಶೇ 96ರಷ್ಟು ಕಡಿಮೆ ಕಂಡಿತು. ಪುಷ್‌ಅಪ್ಪೇ ಮದ್ದು ಎಂದಲ್ಲ, ಅದು ಒಟ್ಟು ದೇಹಸ್ಥಿತಿಯ ಅಳತೆಗೋಲು.

ಇನ್ನು ಮಸಿ. 2020ರ ನವೆಂಬರ್‌ನಲ್ಲಿ ಮೈಸೂರು ರಸ್ತೆ ಪಕ್ಕದ ಹೊಸಗುಡ್ಡದಹಳ್ಳಿಯಲ್ಲಿ ರಾಸಾಯನಿಕ ಗೋದಾಮು ಹೊತ್ತಿ ಉರಿಯಿತು. 2018ರಲ್ಲಿ ಬೆಳ್ಳಂದೂರು ಕೆರೆಯ ದಡದಲ್ಲಿ ಕಿಚ್ಚೆದ್ದಾಗ ಸೈನಿಕರೂ ಇಳಿಯಬೇಕಾಯಿತು. ಗೋದಾಮಿರಲಿ, ಎರಡು ಬೆಡ್‌ರೂಮಿನ ಫ್ಲಾಟೇ ಇರಲಿ, ಸೋಫಾದ ಫೋಮು, ವೈರು, ಪ್ಲಾಸ್ಟಿಕ್ ಉರಿದರೆ ಬೆಂಜೀನ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸಯನೈಡ್ ಬಂದೇ ಬರುತ್ತವೆ. ಮುಖವಾಡ ಹಾಕಿದ್ದರೂ ಕುತ್ತಿಗೆ, ತೊಡೆಸಂದಿಯ ತೆಳು ಚರ್ಮದಿಂದ ವಿಷ ಒಳಗೆ ಇಳಿಯುತ್ತದೆ. ಇನ್ನೂ ಕೆಟ್ಟ ಹೊತ್ತು ಯಾವುದೆಂದರೆ ಜ್ವಾಲೆ ಅಡಗಿದ ಮೇಲಿನದು. ಎಲ್ಲ ಮುಗಿಯಿತೆಂದು ಮುಖವಾಡ ಕಳಚಿ ಬೂದಿ ಕೆದಕಲು ನಿಲ್ಲುತ್ತಾರೆ. ಹೊಗೆ ಕಾಣುವುದಿಲ್ಲ, ಅನಿಲ ಇರುತ್ತದೆ. ಆಮೇಲೆ ಅದೇ ಕೋಟಿನಲ್ಲಿ ವಾಹನದ ಕ್ಯಾಬಿನ್ ಹತ್ತುತ್ತಾರೆ. ಒಗ್ಗರಣೆಯ ಘಾಟು ಸೀರೆಗೆ ಅಂಟಿಕೊಂಡು ಮನೆಯೆಲ್ಲ ಸುತ್ತುವ ಹಾಗೆ ಆ ವಿಷ ಠಾಣೆಯ ಮಲಗುವ ಕೋಣೆವರೆಗೂ ಬರುತ್ತದೆ.

ಇದಕ್ಕೆ ಪರಿಹಾರ ತೀರಾ ಅಗ್ಗ. ಬೆಂಕಿ ಆರಿದ ಜಾಗದಲ್ಲೇ, ಮುಖವಾಡ ಬಿಚ್ಚುವ ಮೊದಲು, ಸಿಬ್ಬಂದಿ ಕೈಯಗಲಿಸಿ ನಿಲ್ಲಬೇಕು. ಒಬ್ಬ ಸಣ್ಣ ಪೈಪಿನಲ್ಲಿ ನೀರು ಬಿಡುತ್ತಾನೆ, ಇನ್ನೊಬ್ಬ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಬ್ರಷ್ ಅದ್ದಿ ಹೆಗಲಿಂದ ಬೂಟಿನವರೆಗೆ ಉಜ್ಜುತ್ತಾನೆ. ಇಲಿನಾಯ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಇಷ್ಟಕ್ಕೇ ಕೋಟಿನ ಮೇಲಿನ ಮಸಿಯ ವಿಷದಲ್ಲಿ ಸುಮಾರು ಶೇ 85ರಷ್ಟು ಹೋಯಿತು. ಒದ್ದೆ ಟಿಶ್ಯೂನಿಂದ ಕುತ್ತಿಗೆ ಒರೆಸಿದರೆ ಅಲ್ಲಿನ ಅರ್ಧಕ್ಕಿಂತ ಹೆಚ್ಚು. ಸ್ವೀಡನ್‌ನ ಶೆಲೆಫ್ಟೆಯೊ ಪಟ್ಟಣದ ಅಗ್ನಿಶಾಮಕರು ಕೊಳೆ ಕೋಟನ್ನು ಮುಚ್ಚಿದ ಚೀಲದಲ್ಲಿ ಪ್ರತ್ಯೇಕವಾಗಿ ಸಾಗಿಸುವ ಪದ್ಧತಿ ಹಾಕಿಕೊಂಡರು, ಯುರೋಪಿನ ಬೇರೆ ದೇಶಗಳೂ ಅದನ್ನು ಕಲಿತವು. ಆದರೆ ಒಂದು ಕೋಟು ತೊಳೆಯಲು ಹಾಕಿದಾಗ ತೊಡಲು ಇನ್ನೊಂದು ಬೇಕು. ಮಸಿ ಹಿಡಿದ ಕೋಟನ್ನು ಶೌರ್ಯದ ಪದಕವೆಂದು ನೋಡುವ ಹಿರಿಯರ ಚಾಳಿಯೂ ಬಿಡಬೇಕು. ಎರಡನೆಯದೇ ಕಷ್ಟ.

ಪೆಟ್ರೋಲ್ ಬೆಂಕಿಗೆ ಬಳಸುವ ನೊರೆಯದು ಬೇರೆಯೇ ಕತೆ. ದಶಕಗಳ ಕಾಲ ಅದರಲ್ಲಿದ್ದ ಫ್ಲೋರಿನ್ ರಾಸಾಯನಿಕಗಳು ಮೈಸೇರಿದರೆ ವರ್ಷಗಟ್ಟಲೆ ಹೋಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ 285 ಅಗ್ನಿಶಾಮಕರ ಮೇಲೆ ನಡೆದ ಪ್ರಯೋಗದಲ್ಲಿ, ಆರು ವಾರಕ್ಕೊಮ್ಮೆ ಒಂದು ವರ್ಷ ಪ್ಲಾಸ್ಮಾ ಕೊಟ್ಟವರ ರಕ್ತದಲ್ಲಿ ಅಂಥ ಒಂದು ರಾಸಾಯನಿಕ ಸುಮಾರು ಶೇ 30 ಇಳಿಯಿತು. ರಕ್ತ ತೆಗೆದು ವಿಷ ಇಳಿಸುವ ಬದಲು ಫ್ಲೋರಿನ್ ಇಲ್ಲದ ನೊರೆಯನ್ನೇ ಕೊಳ್ಳುವುದು ಜಾಣತನ. ಅದು ಮಾರುಕಟ್ಟೆಯಲ್ಲಿದೆ.

ದುಡ್ಡಿಲ್ಲ ಎನ್ನುವಂತಿಲ್ಲ. ರಾಜ್ಯಗಳ ಅಗ್ನಿಶಾಮಕ ಸೇವೆ ಆಧುನೀಕರಿಸಲು ಕೇಂದ್ರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ಘೋಷಿಸಿದೆ. ಆ ಖರೀದಿ ಪಟ್ಟಿಯಲ್ಲಿ ಏಣಿ, ಬೌಸರ್‌ಗಳ ಕೆಳಗೆ ತಲೆಗೆ ಎರಡು ಕೋಟು, ಠಾಣೆಗೊಂದು ಬಟ್ಟೆ ಒಗೆಯುವ ಯಂತ್ರ, ಬಿಸಿನೀರಿನ ಸ್ನಾನದ ಮನೆ ಬರೆಯಲಿ. ಸೇವಾ ಪುಸ್ತಕದಲ್ಲಿ ಹೊಸದೊಂದು ಹಾಳೆಯೂ ಇರಲಿ: ಯಾವ ದಿನ, ಯಾವ ಬೆಂಕಿ, ಏನು ಉರಿಯಿತು, ಎಷ್ಟು ಹೊತ್ತು ಒಳಗಿದ್ದರು, ಮುಖವಾಡ ಇತ್ತೋ ಇಲ್ಲವೋ. ನಿವೃತ್ತಿಯಾಗಿ ಎಷ್ಟೋ ವರ್ಷಗಳ ಮೇಲೆ ಮೂತ್ರದಲ್ಲಿ ರಕ್ತ ಕಂಡು ಆಸ್ಪತ್ರೆಗೆ ಹೋದವನು, ಇದು ನೌಕರಿಯಿಂದ ಬಂದದ್ದು ಎಂದು ಪರಿಹಾರ ಕೇಳಬೇಕಾದರೆ ಕೈಯಲ್ಲಿ ಆ ಹಾಳೆಯ ನಕಲು ಬೇಕಾಗುತ್ತದೆ.