ಎರಡನೆಯ ಪ್ರತಿ ಎಲ್ಲಿದೆ?

ಸೈದಾಪುರದ ಅಡತಿ ಅಂಗಡಿಯವರು ಜಾಲತಾಣ ತೆರೆದರೂ ಅದು ನೆಲೆಸುವುದು ದೂರದೂರಿನ ಸರ್ವರಿನಲ್ಲಿ. ಬ್ಯಾಕಪ್ ಆರಿಸುವಾಗ ಎಲ್ಲರೂ ಬೆಲೆ ಕೇಳುತ್ತಾರೆ. ಕೇಳಬೇಕಾದುದು ಪ್ರತಿಯ ವಿಳಾಸ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗಿನಲ್ಲಿ ಓವಿಎಚ್ ಸಂಸ್ಥೆಯ ಸರ್ವರ್ ಕಟ್ಟಡವೊಂದು ಉರಿದುಹೋಯಿತು. ಮೂಲವನ್ನೂ ನಕಲನ್ನೂ ಅದೇ ಸೂರಿನ ಕೆಳಗೆ ಇರಿಸಿದ್ದ ಗಿರಾಕಿಗಳಿಗೆ ಎರಡೂ ಇಲ್ಲವಾದವು. ನಮ್ಮ ವಚನಗಳ ಓಲೆಗರಿಗಳೋ, ಬೇರೆ ಬೇರೆ ಊರುಗಳ ಮಠಗಳಲ್ಲಿ, ಮನೆಗಳಲ್ಲಿ ಚದುರಿದ್ದವು, ಅಂತೆಯೇ ಫ. ಗು. ಹಳಕಟ್ಟಿಯವರು ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಲಾಯಿತು.

ಪ್ರತಿಯಿದ್ದರೆ ಸಾಲದು, ಮರಳಿ ಕೈಗೆ ಬರಬೇಕು. 2017ರಲ್ಲಿ ಗಿಟ್‌ಲ್ಯಾಬ್ ಸಂಸ್ಥೆಯ ನೌಕರರೊಬ್ಬರು ಕೈತಪ್ಪಿ ದತ್ತಾಂಶ ಅಳಿಸಿದಾಗ, ಐದು ಬಗೆಯ ಏರ್ಪಾಡುಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲ. ಸುಮಾರು ಆರು ಗಂಟೆಗಳ ಹಿಂದೆ ತೆಗೆದಿಟ್ಟ ನಕಲೇ ಗತಿಯಾಯಿತು. ಹಣ ತೆರುವ ಮುನ್ನ, ಮಾರುವವರ ಎದುರಿಗೇ ಒಂದು ದಿನದ ಕಡತಗಳನ್ನು ಬೇರೊಂದು ಯಂತ್ರಕ್ಕೆ ಮರಳಿ ತರಿಸಿ ನೋಡಿರಿ.