ಹಾಜರಿ ಪುಸ್ತಕದಲ್ಲಿ ಇಲ್ಲದ ಹುಡುಗ



ಕಳೆದ ವಾರ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಒಂದರಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಗೇಟಿನ ಬಳಿ ಎಂಟು ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಳು. ನೇಪಾಳದಿಂದ ಬಂದ ಕಾವಲುಗಾರನ ಮಗಳು. “ಶಾಲೆಗೆ ಕಳಿಸಲಿಲ್ಲವೇನಪ್ಪ?” ಎಂದು ಅವನನ್ನು ಕೇಳಿದೆ. “ಕಾಗದ ಇಲ್ಲ ಸಾರ್” ಎಂದ. ಆ ಒಂದು ಮಾತು ನನ್ನನ್ನು ಮೂವತ್ತು ವರ್ಷ ಹಿಂದಕ್ಕೆ ಒಯ್ದಿತು.

ಆಗ ನಮ್ಮ ಬೀದಿಯಲ್ಲಿ ರಾತ್ರಿಯೆಲ್ಲ ಸೀಟಿ ಊದಿ, ಕೋಲು ಕುಟ್ಟುತ್ತ ತಿರುಗುವವನೊಬ್ಬನಿದ್ದ. ‘ಗೂರ್ಖಾ’ ಎಂಬುದೇ ನಮಗೆ ಅವನ ಹೆಸರು. ನಿಜವಾದ ಹೆಸರನ್ನು ನಾನೂ ಕೇಳಲಿಲ್ಲ. ಅವನ ಮಗನನ್ನು ನನ್ನ ಮೂರನೆಯ ತರಗತಿಯ ಕೊನೆಯ ಸಾಲಿನಲ್ಲಿ ಕೂರಿಸಿಕೊಂಡೆ. ವರ್ಗಾವಣೆ ಪತ್ರವಿಲ್ಲದ ಕಾರಣ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಲಿಲ್ಲ. ನಾಲ್ಕು ತಿಂಗಳಲ್ಲಿ ಅವನು ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದಿದ್ದ. ತಪಾಸಣೆಯ ಹಿಂದಿನ ದಿನ, “ನಾಳೆ ಒಂದು ದಿನ ಬರಬೇಡ ಮರಿ” ಎಂದೆ. ಅವನು ಮತ್ತೆಂದೂ ಬರಲಿಲ್ಲ. ನಾನು ಹುಡುಕಿಕೊಂಡು ಹೋಗಲೂ ಇಲ್ಲ. ಈ ತಪ್ಪನ್ನು ನಿಮ್ಮ ಮುಂದೆ ಇಂದು ಮೊದಲ ಬಾರಿಗೆ ಒಪ್ಪಿಕೊಳ್ಳುತ್ತಿದ್ದೇನೆ.

ಭಾರತ ಮತ್ತು ನೇಪಾಳಗಳು ೧೯೫೦ರ ಜುಲೈ ೩೧ರಂದು ಶಾಂತಿ ಮತ್ತು ಮೈತ್ರಿಯ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಏಳನೆಯ ವಿಧಿಯು ಒಂದು ದೇಶದವರಿಗೆ ಇನ್ನೊಂದು ದೇಶದಲ್ಲಿ ವಾಸ, ಆಸ್ತಿ, ವ್ಯಾಪಾರ, ಸಂಚಾರಗಳ ಅನುಕೂಲವನ್ನು ಕೊಡುತ್ತದೆ. ಆದುದರಿಂದಲೇ ವೀಸಾ ಇಲ್ಲದೆ ಸುನೌಲಿಯ ಗಡಿ ದಾಟಿ, ಗೋರಖಪುರದಲ್ಲಿ ರೈಲು ಹತ್ತಿ ಅವರು ಇಲ್ಲಿಯವರೆಗೆ ಬರುತ್ತಾರೆ. ನಮ್ಮ ನೂರು ರೂಪಾಯಿಗೆ ಅಲ್ಲಿ ನೂರ ಅರವತ್ತು. ೧೯೯೩ರಿಂದ ಈ ದರ ಬದಲಾಗಿಲ್ಲ. ದುಡಿಮೆಗೂ ಹಣಕ್ಕೂ ದಾರಿ ಸುಗಮವಾಗಿದೆ. ಆದರೆ ಆ ವಿಧಿಯಲ್ಲಿ ಮಕ್ಕಳ ಶಾಲೆಯ ಹೆಸರಿಲ್ಲ.

ಆ ಕೊರತೆಯನ್ನು ನಮ್ಮ ಸಂವಿಧಾನವೇ ತುಂಬಿದೆ. ೨೧ಎ ವಿಧಿಯು ಆರರಿಂದ ಹದಿನಾಲ್ಕು ವರ್ಷದ ‘ಎಲ್ಲ ಮಕ್ಕಳಿಗೆ’ ಶಿಕ್ಷಣ ಎನ್ನುತ್ತದೆಯೇ ಹೊರತು ‘ಪೌರರ ಮಕ್ಕಳಿಗೆ’ ಎನ್ನುವುದಿಲ್ಲ. ೨೦೧೦ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದೂ ನಿರಾಕರಿಸುವಂತಿಲ್ಲ.

“ನಮ್ಮ ಮಕ್ಕಳಿಗೇ ಸೌಕರ್ಯ ಸಾಲದು, ಹೊರಗಿನವರಿಗೇಕೆ?” ಎಂದು ಕೆಲವರು ಕೇಳುತ್ತಾರೆ. ಸೌಕರ್ಯ ಸಾಲದೆಂಬುದು ನಿಜವೇ. ಆದರೆ ಮಕ್ಕಳ ಕೊರತೆಯಿಂದ ಸೊರಗುತ್ತಿರುವ ಕನ್ನಡ ಶಾಲೆಗಳಲ್ಲಿ ಒಂದು ಮಗು ಹೆಚ್ಚಾದರೆ ಯಾರಿಗೆ ನಷ್ಟ? ವೈಟ್‌ಫೀಲ್ಡಾದರೂ ಹೊರಗಿನವರಿಗೆಂದೇ ಹುಟ್ಟಿದ ಊರು. ೧೮೮೨ರಲ್ಲಿ ಚಾಮರಾಜ ಒಡೆಯರು ಇಲ್ಲಿನ ಭೂಮಿಯನ್ನು ಕೊಟ್ಟದ್ದು ಆಂಗ್ಲೋ-ಇಂಡಿಯನ್ನರ ನೆಲೆಗೆ. ಅತ್ತ ಕಠ್ಮಂಡುವಿನ ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವವರು ನಮ್ಮ ಕರ್ನಾಟಕದಿಂದ ಹೋದ ಭಟ್ಟರು. ೨೦೦೯ರಲ್ಲಿ ಅವರ ಬದಲು ಸ್ಥಳೀಯರನ್ನು ನೇಮಿಸುವ ಪ್ರಯತ್ನ ನಡೆದು ದೊಡ್ಡ ವಿವಾದವಾಯಿತು; ಆದರೂ ಸಂಪ್ರದಾಯ ಉಳಿಯಿತು. ತಮ್ಮ ಆರಾಧ್ಯ ದೈವದ ಸನ್ನಿಧಿಯನ್ನೇ ನಮ್ಮವರಿಗೆ ಬಿಟ್ಟುಕೊಟ್ಟವರ ಮಗುವಿಗೆ ನಾವು ಒಂದು ಮಣೆ ಹಾಕಲಾರೆವೇ?

ನಿಮ್ಮಲ್ಲಿ ಅನೇಕರು ಇಂದು ಇಂತಹ ಅಪಾರ್ಟ್‌ಮೆಂಟುಗಳಲ್ಲಿಯೇ ಇದ್ದೀರಿ. ಗೇಟಿನಲ್ಲಿ ಒಂದು ನಿಮಿಷ ನಿಂತು ಕಾವಲುಗಾರನ ಹೆಸರು ಕೇಳಿ. ಮಗು ಶಾಲೆಗೆ ಹೋಗುತ್ತಿದೆಯೇ ಎಂದು ಕೇಳಿ. ಇಲ್ಲವೆಂದರೆ ಹತ್ತಿರದ ಸರ್ಕಾರಿ ಶಾಲೆಗೆ ಜೊತೆಯಲ್ಲಿ ಹೋಗಿ. ಒಬ್ಬನೇ ಹೋದ ತಂದೆಗೆ ಸಿಗದ ಉತ್ತರ ನೀವು ಪಕ್ಕದಲ್ಲಿ ನಿಂತರೆ ಸಿಕ್ಕೀತು. ನಿಮ್ಮ ಮೇಷ್ಟ್ರಿಗೆ ಕೊಡುವ ಗುರುದಕ್ಷಿಣೆ ಅದೇ ಎಂದು ತಿಳಿಯುತ್ತೇನೆ.

ಸೋಮವಾರ ಆ ಹುಡುಗಿಯನ್ನೂ ಅವಳ ತಂದೆಯನ್ನೂ ಕರೆದುಕೊಂಡು ಶಾಲೆಗೆ ಹೋಗುವವನಿದ್ದೇನೆ. ಈ ಸಲ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುವವರೆಗೆ ಅಲ್ಲಿಂದ ಏಳುವುದಿಲ್ಲ.